ಎಂಜಿನ್ನಿಗೆ ರೆಕ್ಕೆ ಬೇಕೆ?
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನೋಯ್ಡಾದಲ್ಲಿ ಕುಳಿತು ಕಡಲದೋಣಿಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕರಾವಳಿಯವರೂ ಉಂಟು. ಅವರಲ್ಲೊಬ್ಬರಿಗೆ ಮೊನ್ನೆ ಗಂಗೊಳ್ಳಿಯಿಂದ ತಮ್ಮನ ಫೋನು ಬಂತು. ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆ ರೆಕ್ಕೆ ಹಾಕಿಸಬೇಕು, ಹಾಕಿಸಿದರೆ ದೋಣಿ ಅಲುಗುವುದಿಲ್ಲವಂತೆ, ಹಣ ಕಳಿಸು ಎಂದು. ಕಳಿಸಬೇಕೆ ಎಂದು ಗೆಳೆಯರು ನಮ್ಮನ್ನು ಕೇಳಿದರು. ನಾವು ಹೇಳಿದ್ದನ್ನೇ ಇಲ್ಲಿ ಅರಿಕೆ ಮಾಡುತ್ತೇವೆ.

2023ರ ಜುಲೈಯಲ್ಲಿ ದೆಹಲಿಯ ಬಳಿ ಯಮುನೆ 208.66 ಮೀಟರಿಗೆ ಏರಿ 1978ರ ದಾಖಲೆಯನ್ನು ಮೀರಿತಷ್ಟೆ. ಆಗ ನಮ್ಮ ನೋಯ್ಡಾದ ತಗ್ಗಿನ ಹೊಲಗಳಿಗೂ ನೀರು ನುಗ್ಗಿ, ವಿಪತ್ತು ದಳದವರು ದೋಣಿಗಳಲ್ಲಿ ಜನರನ್ನೂ ದನಗಳನ್ನೂ ದಾಟಿಸಿದರು. ಅಂಥ ಹಗುರವಾದ ರಬ್ಬರ್ ದೋಣಿ ರಭಸದಿಂದ ಹೊರಡುವಾಗ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ. ಎಂಜಿನ್, ಎಣ್ಣೆ, ಓಡಿಸುವವನು, ಎಲ್ಲ ಭಾರವೂ ಹಿಂದೆಯೇ ಇರುವುದು ಇದಕ್ಕೆ ಒಂದು ಕಾರಣ.

ಈ ತೊಂದರೆಗೆ ಮದ್ದಾಗಿ ಬಂದುದೇ ರೆಕ್ಕೆ. ಪ್ರೊಪೆಲ್ಲರಿನ ಮೇಲೆ ಒಂದು ಚಪ್ಪಟೆ ತಗಡು ಇರುತ್ತದೆ. ಅದರ ಎರಡು ಬದಿಗೂ ಪ್ಲಾಸ್ಟಿಕ್ಕಿನ ರೆಕ್ಕೆ ಬಿಗಿಯುತ್ತಾರೆ. ನೀರು ವೇಗವಾಗಿ ಹರಿದಾಗ ಅದು ದೋಣಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಮೂತಿ ತಗ್ಗುತ್ತದೆ. ನೀರಿನ ಮೇಲೆ ಜಾರಿ ಓಡುವ ಹಗುರ ದೋಣಿಗೆ ಇದರಿಂದ ಲಾಭವುಂಟು, ಸುಳ್ಳಲ್ಲ. ಆದರೆ ಪಕ್ಕಕ್ಕೆ ಹೊಯ್ದಾಡುವುದನ್ನು ಅದು ತಡೆಯದು. ಅದಕ್ಕೆ ಪಕ್ಕದಲ್ಲಿ ತೇಲುಮರ ಕಟ್ಟುವ ನಮ್ಮ ಹಿರಿಯರ ಉಪಾಯವೇ ಬೇರೆ.

ಇನ್ನು ನಾಡದೋಣಿಯ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ನಮ್ಮ ಕರಾವಳಿಯಲ್ಲಿ ಕಡಲಿಗಿಳಿಯುವುದು 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ಈ ದೋಣಿಗಳೇ. ಬಲೆ, ಮೀನು, ನಾಲ್ಕಾರು ಜನ ತುಂಬಿದ ಮೇಲೆ ಅದು ನೀರನ್ನು ಸೀಳಿ ಸಾಗುವುದೇ ಹೊರತು ಮೇಲೆ ಜಾರುವುದಿಲ್ಲ. ಆ ವೇಗಕ್ಕೆ ರೆಕ್ಕೆಯಿಂದ ಸಿಗುವುದು ಹೆಚ್ಚಾಗಿ ನೀರಿನ ಎಳೆತ, ಅಂದರೆ ಎಣ್ಣೆಯ ಖರ್ಚು.

ಖರ್ಚಿಗಿಂತ ನಮ್ಮನ್ನು ಹೆದರಿಸುವುದು ಅಳಿವೆ. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಕಡಲಿಗೆ ಸೇರುವ ಬಾಯಿ ಅದು. ಹೊರಗಿನಿಂದ ಬರುವಾಗ ತೆರೆ ಬೆನ್ನಹಿಂದೆ ಇರುತ್ತದೆ. ತೆರೆ ಹಿಂಭಾಗವನ್ನು ಎತ್ತುತ್ತದೆ, ಮೂತಿ ಮುಂದಿನ ತಗ್ಗಿಗೆ ಇಳಿಯುತ್ತದೆ. ಆಗ ಮೂತಿ ನೀರಿಗೆ ಹೊಕ್ಕರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಮೂತಿ ಎತ್ತಿರಬೇಕಾದ ಆ ಗಳಿಗೆಯಲ್ಲಿ ಅದನ್ನು ತಗ್ಗಿಸುವ ಸಾಧನಕ್ಕೆ ನಾವು ಹಣ ಕೊಡುವುದೆ? ಮಾರುವವರ ಚಿತ್ರಗಳಲ್ಲಿ ನೀರು ಸದಾ ಕನ್ನಡಿಯಂತೆ ಇರುತ್ತದೆ!

ಇಷ್ಟಾಗಿ, ರೆಕ್ಕೆ ಹಾಕಲು ಅಲ್ಯುಮಿನಿಯಂ ತಗಡಿಗೆ ತೂತು ಕೊರೆಯಬೇಕು. ಬಣ್ಣ ಹೋದ ಕಡೆ, ಸ್ಟೀಲ್ ಬೋಲ್ಟಿನ ಜೊತೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತದೆ. ಕಾರ್ಖಾನೆಯಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂತಿಲ್ಲದೆ ಕಚ್ಚಿಸುವ ಬಗೆಯೂ ಉಂಟು, ಆದರೆ ಅಳಿವೆಯ ಪ್ರಶ್ನೆ ಅದರಿಂದ ತೀರದು.

ಮೂತಿ ವಿಪರೀತ ಏಳುವುದಾದರೆ ಮೊದಲು ಕಾಸಿಲ್ಲದ ಕೆಲಸ ಮಾಡಿ ನೋಡಲಿ. ಎಣ್ಣೆಯ ಕ್ಯಾನನ್ನೂ ಬಲೆಯನ್ನೂ ದೋಣಿಯ ನಡುವಿಗೆ ತರಲಿ. ಎಂಜಿನ್ನಿನ ಓರೆಯನ್ನು ಹಿಡಿಯುವ ಸರಳನ್ನು ಒಂದು ತೂತು ಒಳಕ್ಕೆ ಬದಲಿಸಲಿ. ಆ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಹೆಚ್ಚುಕಡಿಮೆ ಸಮವಿದೆಯೆ ನೋಡಲಿ. ಅಳಿವೆಗೆ ಬರುವ ಮುಂಚೆ ಮಾತ್ರ ಮೂತಿಯ ಕಡೆ ಭಾರವಿಡಬಾರದು.

ಗೆಳೆಯರು ಅದೇ ರಾತ್ರಿ ಫೋನು ಮಾಡಿದರು. ತಮ್ಮ ಮೊದಲು ಮುನಿಸಿಕೊಂಡನಂತೆ, ಬಯಲುಸೀಮೆಯವರ ಬುದ್ಧಿವಾದ ಬೇಡವೆಂದು. ಮೂರನೆಯ ದಿನ ತಾನೇ ಕರೆದು, ಕ್ಯಾನನ್ನು ನಡುವಿಗೆ ಸರಿಸಿದ ಮೇಲೆ ಮೂತಿ ಸ್ವಲ್ಪ ತಗ್ಗಿದೆ ಎಂದನಂತೆ. ಕೂಡಿಟ್ಟ ಹಣವನ್ನು ಗೆಳೆಯರು ಲೈಫ್ ಜಾಕೆಟ್ಟುಗಳಿಗೆ ಎಂದು ಹೇಳಿ ಕಳಿಸಿದ್ದಾರೆ.