ಬಣ್ಣ ಹಚ್ಚಿದ ಬಿಂಬ



ಛಾಯಾಚಿತ್ರಕ್ಕೆ ಕುಂಚದಿಂದ ಬಣ್ಣ ಕೊಡುವ ಪದ್ಧತಿ ನಮಗೇನೂ ಹೊಸತಲ್ಲ. ವರ್ಣಫಿಲ್ಮು ಕೈಗೆಟಕುವ ಮುನ್ನ, ಗಂಡಸಿಯಂಥ ಊರಿನ ಹುಡುಗಿಗೆ ಕಂಕಣಬಲ ಕೂಡಿಬರಬೇಕಾದರೆ ಮೊದಲು ಅರಸೀಕೆರೆಯಲ್ಲೋ ಹಾಸನದಲ್ಲೋ ಒಂದು ಫೋಟೋ ತೆಗೆಸಬೇಕಾಗುತ್ತಿತ್ತು. ಬೆನ್ನ ಹಿಂದೆ ಚಿತ್ರಿಸಿದ ಪರದೆ. ಅದರಲ್ಲಿ ಕಂಬ, ಮೆಟ್ಟಿಲು, ತಾವರೆಯ ಕೊಳ. ಆಮೇಲೆ ನೆಗೆಟಿವಿನ ಮೇಲೆ ಪೆನ್ಸಿಲ್ಲಾಡಿಸಿ ಮುಖದ ಕಲೆಗಳನ್ನು ಅಳಿಸುವರು. ಪ್ರತಿಯ ಮೇಲೆ ಸೀರೆಯಂಚಿಗೆ ಹಸಿರು, ಕೆನ್ನೆಗೆ ನಸುಗೆಂಪು ಹಚ್ಚುವರು. ಎಣ್ಣೆಗಪ್ಪಿನ ಹುಡುಗಿ ಗೋಧಿವರ್ಣದವಳಾಗಿ ಹೊರಬರುವಳು. ಆ ಚಿತ್ರವನ್ನು ಯಾರು ಯಾರೋ ಕೈಯಲ್ಲಿ ಹಿಡಿದು ಹೊರಳಿಸಿ ನೋಡುವರು. ಅವಳು ಮಾತ್ರ ಅವರನ್ನು ನೋಡಲಾರಳು. ಈ ಅಸಹಾಯಕತೆಯನ್ನೇ ಕಲೆಯ ವಸ್ತುವನ್ನಾಗಿಸಿದ ಕಲಾವಿದೆ ನಮ್ಮಲ್ಲಿದ್ದಾರೆ: ಬೆಂಗಳೂರಿನ ಪುಷ್ಪಮಾಲಾ ಎನ್.

1956ರಲ್ಲಿ ಹುಟ್ಟಿದ ಇವರು ಬರೋಡದಲ್ಲಿ ಶಿಲ್ಪಕಲೆ ಕಲಿತವರು. ತೊಂಬತ್ತರ ದಶಕದ ನಡುವೆ ಜೇಡಿಮಣ್ಣನ್ನು ಬದಿಗಿರಿಸಿ, ತಮ್ಮ ದೇಹವನ್ನೇ ಸಾಮಗ್ರಿಯಾಗಿಸಿ, ವೇಷ ತೊಟ್ಟು ಕ್ಯಾಮರಾದ ಮುಂದೆ ನಿಂತರು. 1998ರ ‘ಸುನಹರೇ ಸಪನೇ’ ಕಪ್ಪುಬಿಳುಪು ಛಾಯಾಚಿತ್ರಗಳಿಗೆ ಕೈಯಿಂದ ಬಣ್ಣ ಕೊಟ್ಟ ಕಥನಮಾಲೆ. ಅದರಲ್ಲೊಬ್ಬ ಗೃಹಿಣಿ, ಅವಳ ಕನಸಿನಿಂದ ಎದ್ದುಬಂದ ಮತ್ತೊಬ್ಬಳು. ಬಣ್ಣ ಇಲ್ಲಿ ಕಲೆಯನ್ನು ಮುಚ್ಚುವುದಿಲ್ಲ. ಕನಸು ಎಷ್ಟು ತೆಳುವಾದ ಲೇಪವೆಂಬುದನ್ನು ಕಾಣಿಸಿಬಿಡುತ್ತದೆ.

ಆದರೆ ನನಗೆ ಹಿರಿದಾಗಿ ತೋರುವುದು 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಅವರು ರಚಿಸಿದ, ‘ದಕ್ಷಿಣ ಭಾರತದ ದೇಶೀ ಸ್ತ್ರೀಯರು’ ಎಂಬರ್ಥದ ಹೆಸರಿನ ಮಾಲೆ. ಆ ಹೆಸರಿನಲ್ಲೇ ಬ್ರಿಟಿಷ್ ಅಧಿಕಾರಿಯ ಕಡತದ ವಾಸನೆಯಿದೆ. ರವಿವರ್ಮನು 1889ರಲ್ಲಿ ಬರೆದ ಬೆಳದಿಂಗಳ ಯುವತಿ ಇಲ್ಲಿ ಮರಳಿ ಬರುತ್ತಾಳೆ; ಅವನ ಲಕ್ಷ್ಮಿಯೂ ಬರುತ್ತಾಳೆ. ವರ್ಣಚಿತ್ರದಲ್ಲಿ ಎಲ್ಲವೂ ಒಂದೇ ಮೃದುತ್ವದಲ್ಲಿ ಕರಗಿರುತ್ತದೆ. ಕ್ಯಾಮರಾ ಹಾಗಲ್ಲ: ಪರದೆ ಪರದೆಯೆಂದೂ ಕಿರೀಟ ಕಾಗದವೆಂದೂ ಅದು ಹೇಳಿಬಿಡುತ್ತದೆ. ದೇವಿಯಂತೆ ನಿಲ್ಲುವುದು ಒಂದು ಮೈಗೆ ಎಷ್ಟು ಶ್ರಮವೆಂಬುದು ಆಗ ತಿಳಿಯುತ್ತದೆ. ಬೇಲೂರಿನ ಮದನಿಕೆಯರನ್ನು ಕತ್ತೆತ್ತಿ ನೋಡುವಾಗ ನಮಗೆ ಈ ವಿಚಾರ ಹೊಳೆಯುವುದೇ ಇಲ್ಲ, ಕಲ್ಲಿಗೆ ಬೆನ್ನುನೋವಿಲ್ಲವಷ್ಟೆ!

ಇದೇ ಮಾಲೆಯಲ್ಲಿ ಇನ್ನೆರಡು ಚಿತ್ರಗಳು ಮನಸ್ಸನ್ನು ಕದಡುತ್ತವೆ. ಒಂದರಲ್ಲಿ ತೋಡ ಹೆಂಗಸಿನ ವೇಷ. ಹಿಂದೆ ಚೌಕುಳಿ ಗೀಟುಗಳ ಹಿನ್ನೆಲೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಮಾನವಶಾಸ್ತ್ರಜ್ಞರು ‘ಆದಿವಾಸಿ’ ದೇಹವನ್ನು ಅಳೆಯಲು ಇಂಥ ಚೌಕಗಳ ಮುಂದೆ ಜನರನ್ನು ನಿಲ್ಲಿಸುತ್ತಿದ್ದರು. ಮತ್ತೊಂದಕ್ಕೆ ಮೂಲ, ಕಳ್ಳತನದ ಶಂಕೆಯ ಮೇಲೆ ಪೊಲೀಸರು ಹಿಡಿದ ಇಬ್ಬರು ಹೆಂಗಸರ ಪತ್ರಿಕಾಚಿತ್ರ. ಲಕ್ಷ್ಮಿಯ ಪಕ್ಕದಲ್ಲೇ ಇವರನ್ನೂ ನಿಲ್ಲಿಸಿದಾಗ, ಪೂಜಿಸುವ ಕಣ್ಣು, ಅಳೆಯುವ ಕಣ್ಣು, ಆರೋಪಿಸುವ ಕಣ್ಣು ಬೇರೆ ಬೇರೆಯೆಂದು ಧೈರ್ಯವಾಗಿ ಹೇಳಲಾಗುವುದಿಲ್ಲ.

ಇಲ್ಲೊಂದು ಆಕ್ಷೇಪವುಂಟು, ಅದನ್ನು ಮರೆಮಾಚಬಾರದು. ನಗರದ ವಿದ್ಯಾವಂತ ಕಲಾವಿದೆ ಸಂಜೆಗೆ ವೇಷ ಕಳಚಿ ಮನೆಗೆ ಹೋಗಬಲ್ಲಳು. ಆ ಹೆಂಗಸರಿಗೆ ಆ ಅವಕಾಶವಿರಲಿಲ್ಲ. ಅನ್ಯರ ಅವಮಾನವನ್ನು ಎರವಲು ಪಡೆಯಬಹುದೆ? ಹಾಸ್ಯದ ಲೇಪ ಹೆಚ್ಚಾದ ಕಡೆ ನನಗೂ ಈ ಶಂಕೆ ಉಳಿಯುತ್ತದೆ. ಆದರೆ ಪತ್ರಿಕೆಯಲ್ಲಿ ಅಂಥ ಚಿತ್ರವನ್ನು ನಾವು ಅರೆನಿಮಿಷ ನೋಡಿ ಪುಟ ಮಗುಚುತ್ತೇವೆ. ಇವರು ಅದೇ ಭಂಗಿಯಲ್ಲಿ, ಅದೇ ಬೆಳಕಿನಲ್ಲಿ ತಾವೇ ನಿಂತು, ನಮ್ಮನ್ನು ಅದರ ಮುಂದೆ ಬಹಳ ಹೊತ್ತು ನಿಲ್ಲಿಸುತ್ತಾರೆ.