ಮೂರೆಳೆಯ ಚರಿತ್ರೆ: ಜಡೆ, ಹಗ್ಗ, ಕಥೆ



ಕ್ರಿ.ಶ. 941ರಲ್ಲಿ ರಚನೆಯಾಯಿತೆಂದು ಹೇಳುವ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದುಶ್ಶಾಸನನನ್ನು ಕೊಂದ ಭೀಮ, ದ್ರೌಪದಿಯ ಬಿಚ್ಚಿದ ಮುಡಿಯನ್ನು ಕೈಯಾರೆ ಕಟ್ಟುತ್ತಾನೆ. ಆ ಕೂದಲನ್ನೇ ನೋಡುತ್ತಾ, ಮಹಾಭಾರತ ಮೊದಲಾದದ್ದೇ ಇದರಿಂದ ಎನ್ನುತ್ತಾನೆ. ರಾಜರ ಬೆಳ್ಗೊಡೆಗಳು, ಕುರುವಂಶದ ಹಿರಿಮೆ ಎಲ್ಲವೂ ಈ ಕೇಶಪಾಶದೊಳಗೆ ಅಡಗಿಹೋದವು ಎಂಬುದು ಅವನ ಮಾತಿನ ಸಾರ. ಪಂಪನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ. ಆದರೂ ಮುಡಿ ಕಟ್ಟುವ ಹೊಣೆಯನ್ನು ಕವಿ ಭೀಮನಿಂದ ಕಿತ್ತುಕೊಳ್ಳಲಿಲ್ಲ.

ಒಂದು ಹೆಣ್ಣಿನ ಕೂದಲಿಗೆ ಹದಿನೆಂಟು ಅಕ್ಷೋಹಿಣಿಯ ಯುದ್ಧವನ್ನು ಹೊರುವ ಶಕ್ತಿ ಬಂದದ್ದು ಹೇಗೆ? ಉತ್ತರದ ಒಂದು ಭಾಗ ಹೆಣಿಗೆಯ ಗುಣದಲ್ಲೇ ಇದೆ. ಗಂಟು ಬಿಗಿದರೆ ಕತ್ತರಿಸಬೇಕಾದೀತು, ಅಂಟಿಸಿದರೆ ಹರಿಯಬೇಕಾದೀತು. ಹೆಣೆದದ್ದನ್ನು ಮಾತ್ರ ಎಳೆ ಕೆಡದಂತೆ ಬಿಚ್ಚಬಹುದು, ಬಿಚ್ಚಿ ಮತ್ತೆ ಹೆಣೆಯಬಹುದು. ಮನುಷ್ಯರು ತಮ್ಮ ಶಪಥ, ವಿರಹ, ಸಡಗರಗಳನ್ನು ಜಡೆಗೆ ಕಟ್ಟಿದ್ದು ಈ ಗುಣವನ್ನು ನೋಡಿಯೇ ಇರಬೇಕು.

ಹೆಣಿಗೆಗಿಂತ ಮೊದಲು ಹೊಸೆಯುವುದು ಬಂತು. ಆಗ್ನೇಯ ಫ್ರಾನ್ಸಿನ ಅಬ್ರಿ ದು ಮಾರಾ ಎಂಬ ಕಲ್ಲಾಸರೆಯಲ್ಲಿ ಸಿಕ್ಕ ದಾರದ ತುಣುಕೊಂದರ ವಿವರ 2020ರಲ್ಲಿ ಪ್ರಕಟವಾಯಿತು. ಉದ್ದ ಸುಮಾರು 6 ಮಿಲಿಮೀಟರ್. ವಯಸ್ಸು 40 ಸಾವಿರ ವರ್ಷಕ್ಕೂ ಹೆಚ್ಚು. ಮರದ ಒಳತೊಗಟೆಯ ನಾರಿನಿಂದ ಮೂರು ಎಳೆ ಮಾಡಿ, ಒಂದೊಂದನ್ನೂ ಒಂದು ದಿಕ್ಕಿಗೆ ಹೊಸೆದು, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡಿದ್ದರು ನಿಯಾಂಡರ್ತಲ್ ಮಾನವರು. ನಮ್ಮ ಹಳ್ಳಿಗಳಲ್ಲಿ ಪುಂಡಿ ನಾರನ್ನು, ಕತ್ತಾಳೆ ನಾರನ್ನು ಹಗ್ಗ ಮಾಡುವ ಕ್ರಮವೂ ಇದೇ. ಅದೇ ಫ್ರಾನ್ಸಿನ ಬ್ರಾಸಂಪುಯಿಯಲ್ಲಿ 1894ರಲ್ಲಿ ಸಿಕ್ಕ, ಹೆಬ್ಬೆರಳಿನಷ್ಟೂ ಇಲ್ಲದ ದಂತದ ತಲೆಯ ಮೇಲೆ ಚೌಕಳಿ ಗೀರುಗಳಿವೆ. ಸುಮಾರು 25 ಸಾವಿರ ವರ್ಷ ಹಳೆಯ ಆ ಗೀರುಗಳು ಹೆಣೆದ ಕೂದಲು ಎಂದು ಕೆಲವರು, ತಲೆಗವಸು ಎಂದು ಇನ್ನು ಕೆಲವರು ಹೇಳುತ್ತಾರೆ.

ಹೊಸೆದ ಹಗ್ಗಕ್ಕೂ ಹೆಣೆದ ಹಗ್ಗಕ್ಕೂ ವ್ಯತ್ಯಾಸವಿದೆ. ಹೊಸೆದ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಟ್ಟರೆ ಅದು ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಗಿರ್ರನೆ ತಿರುಗುತ್ತದೆ. ಹೆಣೆದ ಹಗ್ಗದಲ್ಲಿ ಅರ್ಧ ಎಳೆಗಳು ಎಡಕ್ಕೆ, ಅರ್ಧ ಬಲಕ್ಕೆ ಓರೆಯಾಗಿ ಸಾಗುವುದರಿಂದ ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ; ಹಗ್ಗ ನೆಟ್ಟಗೆ ನಿಲ್ಲುತ್ತದೆ. ತಲೆಯ ಜಡೆಗೂ ಇದೇ ನ್ಯಾಯ. ಬಲಗಡೆಯ ಎಳೆ ನಡುವಿನ ಎಳೆಯ ಮೇಲೆ ಹಾದು ತಾನೇ ನಡುವಿನದಾಗುತ್ತದೆ, ಆಮೇಲೆ ಎಡಗಡೆಯದು. ಸೊಂಟದವರೆಗೆ ಇಳಿಯುವಷ್ಟರಲ್ಲಿ ಮೂರು ಎಳೆಗಳೂ ಎಲ್ಲ ಜಾಗಗಳಲ್ಲಿ ಹಲವು ಸಲ ಓಡಾಡಿರುತ್ತವೆ.

ಹಗ್ಗದ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಹೆಸರು ನುಲಿಯ ಚಂದಯ್ಯ. 12ನೇ ಶತಮಾನದ ಈ ಶರಣ ಕೆರೆಯಂಗಳದ ಹುಲ್ಲು ಕೊಯ್ದು, ನುಲಿದು, ಹಗ್ಗ ಮಾರಿ ಬಂದದ್ದರಲ್ಲಿ ಜಂಗಮ ದಾಸೋಹ ನಡೆಸಿದವನು. ‘ಚಂದೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನ ಬರೆದವನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಅವನು ಕೈಯ ಕೆಲಸ ಬಿಡದೆ ಹೊರೆ ಹೊತ್ತು ನಡೆದನಂತೆ. ಲಿಂಗವೇ ಅವನ ಬೆನ್ನು ಹತ್ತಿತಂತೆ. ಕಾಯಕದ ಹಿರಿಮೆಯನ್ನು ಹೇಳಲು ಶರಣರ ನಾಡು ಆರಿಸಿಕೊಂಡ ಕಥೆಗಳಲ್ಲಿ ಹಗ್ಗದವನ ಈ ಕಥೆಗೆ ದೊಡ್ಡ ಜಾಗವಿದೆ.

ಜಡೆಯನ್ನು ಕಥೆಯ ಕೀಲಿಯಾಗಿ ಬಳಸಿದ್ದು ಪಂಪನೊಬ್ಬನೇ ಅಲ್ಲ. ಗಂಡನಿಂದ ದೂರವಾದ ಹೆಣ್ಣು ಅಲಂಕಾರ ಬಿಟ್ಟು ಒಂದೇ ಜಡೆ ಹಾಕಿಕೊಂಡಿರಬೇಕು ಎಂಬುದು ಸಂಸ್ಕೃತ ಕಾವ್ಯಗಳ ವಾಡಿಕೆ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತ ಅಶೋಕವನದಲ್ಲಿ ಕಾಣುವ ಸೀತೆ ಹಾಗೆ ಏಕವೇಣಿಯಾಗಿ ಕುಳಿತವಳು. ನಿರಾಸೆ ತುದಿ ಮುಟ್ಟಿದ ಗಳಿಗೆಯಲ್ಲಿ ಆ ಜಡೆಯನ್ನೇ ಕೊರಳಿಗೆ ಬಿಗಿದುಕೊಳ್ಳಲು ಯೋಚಿಸುತ್ತಾಳೆ. ಕಾಳಿದಾಸನ ‘ಮೇಘದೂತ’ದ ಯಕ್ಷನಿಗೆ ಒಂದು ವರ್ಷದ ಗಡೀಪಾರು. ಅಗಲಿದ ಮೊದಲ ದಿನ ಹೆಂಡತಿ ಕಟ್ಟಿಕೊಂಡ ಒರಟು ಜಡೆಯನ್ನು ಶಾಪ ಮುಗಿದ ದಿನ ತಾನೇ ಬಿಚ್ಚುವೆನೆಂದು ಅವನು ದಿನ ಎಣಿಸುತ್ತಾನೆ.

ದ್ರೌಪದಿಯದು ಇದಕ್ಕೆ ತಿರುಗುಮುರುಗು; ಅಲ್ಲಿ ಬಿಚ್ಚಿದ್ದೇ ಶಪಥ, ಕಟ್ಟುವುದೇ ಮುಕ್ತಾಯ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ಅವಳು ತನ್ನ ಮುಡಿಯನ್ನು ಎಡಗೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಕೌರವರು ಶಾಂತಿಯ ಮಾತೆತ್ತಿದಾಗ ಇದನ್ನು ನೆನಪಿಟ್ಟುಕೋ ಎನ್ನುತ್ತಾಳೆ. ಈ ಕಿಡಿಯನ್ನು ಭಟ್ಟನಾರಾಯಣ ‘ವೇಣೀಸಂಹಾರ’ ಎಂಬ ಆರು ಅಂಕಗಳ ನಾಟಕವಾಗಿ ಬೆಳೆಸಿದ. ಕನ್ನಡದಲ್ಲಿ ಪಂಪನ ನಂತರ ರನ್ನ, ಕುಮಾರವ್ಯಾಸ ಇಬ್ಬರೂ ದ್ರೌಪದಿಯ ಮುಡಿಯನ್ನು ಮರೆಯಲಿಲ್ಲ. ನೆರೆಯ ಆಂಧ್ರದ ಕೂಚಿಪುಡಿಯಲ್ಲಿ ಸತ್ಯಭಾಮೆ ತೆರೆಯ ಹಿಂದೆ ನಿಂತು, ಮುಖ ತೋರಿಸುವ ಮೊದಲೇ ತನ್ನ ಉದ್ದನೆಯ ಜಡೆಯನ್ನು ತೆರೆಯ ಮೇಲಿಂದ ಈಚೆ ಹಾಕುತ್ತಾಳೆ. ಪಾತ್ರದ ಗತ್ತು ಸಭೆಗೆ ತಲುಪಲು ಅಷ್ಟು ಸಾಕು.

ಕಾವ್ಯದ ಜಡೆಯಿಂದ ಮನೆಯ ಜಡೆಗೆ ಬಂದರೆ, ಕರ್ನಾಟಕದ ಹೆಣ್ಣುಮಕ್ಕಳ ನೆನಪಿನಲ್ಲಿ ಮೊಗ್ಗಿನ ಜಡೆಗಿಂತ ದೊಡ್ಡ ಸಂಭ್ರಮ ಬೇರೆ ಇಲ್ಲ. ಮಲ್ಲಿಗೆಯ ಕಾಲ ಬಂತೆಂದರೆ, ಮದುವೆ, ಸೀಮಂತ ಇತ್ತೆಂದರೆ ಮನೆಯಲ್ಲಿ ಮೊಗ್ಗಿನ ರಾಶಿ ಬೀಳುತ್ತಿತ್ತು. ಬಿರಿಯದ, ಒಂದೇ ಅಳತೆಯ ಮೊಗ್ಗುಗಳನ್ನು ಮೊದಲು ಆರಿಸಬೇಕು. ಜಡೆಯ ಉದ್ದಕ್ಕೆ ಬಾಳೆಪಟ್ಟೆಯನ್ನೋ ದಪ್ಪ ಕಾಗದವನ್ನೋ ಕತ್ತರಿಸಿ, ಅದರ ಮೇಲೆ ಮೊಗ್ಗುಗಳನ್ನು ಸಾಲುಸಾಲಾಗಿ ಸೂಜಿದಾರದಿಂದ ಹೊಲಿಯಬೇಕು. ನಡುನಡುವೆ ಕನಕಾಂಬರದ ಕೆಂಪು, ಮರುಗದ ಹಸಿರು. ನೆತ್ತಿಯ ಹಿಂದೆ ರಾಗಟೆ, ತುದಿಗೆ ಜಡೆಕುಚ್ಚು. ಇದ್ದವರ ಮನೆಯಲ್ಲಿ ಬಂಗಾರದ ಜಡೆಬಿಲ್ಲೆ, ನಾಗರ. ಹೊಲಿದು ಮುಗಿಸಿ ತಲೆಗೆ ಕಟ್ಟುವಾಗ ಮೊಗ್ಗಾಗಿದ್ದದ್ದು ಸಂಜೆ ಆರತಿಯ ಹೊತ್ತಿಗೆ ಜಡೆಯ ಮೇಲೇ ಅರಳಬೇಕು. ಆ ಲೆಕ್ಕಾಚಾರ ಹೊಲಿಯುವ ಅಜ್ಜಿಯಂದಿರಿಗೆ ಗೊತ್ತಿತ್ತು. ಮರುದಿನ ಬಾಡಿಹೋಗುವ ಈ ಕಲೆಯನ್ನು ಉಳಿಸಿಕೊಳ್ಳಲು ಫೋಟೋ ಸ್ಟುಡಿಯೋದವರು ಒಂದು ಉಪಾಯ ಕಂಡುಕೊಂಡರು. ಹುಡುಗಿಯ ಹಿಂದೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆದರು. ಹಳೆಯ ಆಲ್ಬಂಗಳಲ್ಲಿ ಅಂಥ ಕಪ್ಪುಬಿಳುಪು ಚಿತ್ರಗಳು ಇಂದಿಗೂ ಸಿಗುತ್ತವೆ.

ಹೂವಿನ ಹೆಣಿಗೆ ದುಡಿಮೆಯೂ ಹೌದು. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಬೆಳೆಯುವ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾರುತ್ತಾರೆ. ಅಲ್ಲಿ ಕಿಲೋ ಲೆಕ್ಕವಿಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗು ಬಿಡಿಸಿ, ಎಣಿಸಿ, ಕಟ್ಟಬೇಕು. ನಸುಕಿನಲ್ಲೇ ಎದ್ದು ಈ ಕೆಲಸ ಮಾಡುವ ಬೆರಳುಗಳಿಂದ ಎಷ್ಟೋ ಮನೆಗಳ ಸಂಸಾರ ಸಾಗಿದೆ, ಮಕ್ಕಳ ಓದು ನಡೆದಿದೆ. ಉಡುಪಿ, ಮೈಸೂರು, ಹಡಗಲಿ ಮೂರೂ ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಆದರೆ ಜಡೆಯ ಚರಿತ್ರೆಯಲ್ಲಿ ಕತ್ತರಿಯೂ ಇದೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುವ ಕ್ರೂರ ಪದ್ಧತಿ ಕೆಲವು ಜಾತಿಗಳಲ್ಲಿ ತಲೆಮಾರುಗಟ್ಟಲೆ ನಡೆಯಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಹಾಗೆ ಮುಡಿ ಕಳೆದುಕೊಂಡ ಮಲೆನಾಡಿನ ಬಾಲವಿಧವೆಯೊಬ್ಬಳ ಕಥೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಕಥೆಯಲ್ಲಿ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಕೊಡಲು ಒಪ್ಪುವುದಿಲ್ಲ. ಜೀವನವಿಡೀ ಮಡಿಯಲ್ಲಿ ಸವೆದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಜಡೆಯನ್ನು ಬರೀ ಸೊಬಗಿನ ವಸ್ತು ಎಂದು ಹಾಡುವವರು ಈ ಪುಟಗಳನ್ನೂ ಓದಬೇಕು.

ಕಡಲಾಚೆಯಲ್ಲೂ ಜಡೆ ಸಂಕಟ ಕಂಡಿದೆ. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ವಂಶಸ್ಥರು ಸುರಿನಾಮಿನಲ್ಲಿದ್ದಾರೆ. ತಮ್ಮ ಅಜ್ಜಿಯಂದಿರು ಭತ್ತದ ಕಾಳುಗಳನ್ನು ಕೂದಲ ಹೆಣಿಗೆಯಲ್ಲಿ ಬಚ್ಚಿಟ್ಟು ತಂದರೆಂದು ಅವರು ತಲೆಯಿಂದ ತಲೆಗೆ ಹೇಳಿಕೊಂಡು ಬಂದಿದ್ದಾರೆ. ಅಮೆರಿಕದಲ್ಲಿ ಅದೇ ಆಫ್ರಿಕನ್ ಮಾದರಿಯ ಜಡೆಗಳಿಗಾಗಿ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂಬ ಕಾನೂನು ಮೊದಲು ಬಂದದ್ದು 2019ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ.

ಇನ್ನು ಉಳಿದದ್ದು ಜಡೆ ಕೋಲಾಟ. ಕೂದಲು, ಹಗ್ಗ, ಹಾಡು ಮೂರೂ ಸೇರುವ ಜಾಗ ಅದು. ಮೇಲಿನ ತೊಲೆಗೋ ಚಪ್ಪರಕ್ಕೋ ಬಣ್ಣಬಣ್ಣದ ಹಗ್ಗಗಳನ್ನು ಕಟ್ಟಿ ಇಳಿಬಿಡುತ್ತಾರೆ. ಕುಣಿಯುವವರು ಸಮಸಂಖ್ಯೆಯಲ್ಲಿರಬೇಕು. ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು. ಅರ್ಧ ಜನ ಬಲಸುತ್ತು, ಅರ್ಧ ಜನ ಎಡಸುತ್ತು. ಎದುರಾದ ಒಬ್ಬರನ್ನು ಒಳಗಿನಿಂದ ದಾಟಿದರೆ ಮುಂದಿನವರನ್ನು ಹೊರಗಿನಿಂದ ದಾಟಬೇಕು. ಹಾಡು ಸಾಗಿದಂತೆ ತಲೆಯ ಮೇಲೆ ದಪ್ಪನೆಯ ಜಡೆ ಬೆಳೆಯುತ್ತದೆ. ಹಗ್ಗ ಗಿಡ್ಡವಾಗಿ ವೃತ್ತ ಕಿರಿದಾದಾಗ ಮೇಳದವರು ಹೆಜ್ಜೆ ತಿರುಗಿಸುತ್ತಾರೆ. ಬಂದ ದಾರಿಯಲ್ಲೇ ಹಿಂದಕ್ಕೆ ಕುಣಿದು ಜಡೆಯನ್ನು ಪೂರ್ತಿ ಬಿಚ್ಚುತ್ತಾರೆ. ತಮಿಳರಲ್ಲಿ ಇದು ಪಿನ್ನಲ್ ಕೋಲಾಟ್ಟಂ, ಗೋವೆಯಲ್ಲಿ ಗೋಫ್.

ಈ ಕುಣಿತದ ನಡೆಯನ್ನೇ ಕಬ್ಬಿಣಕ್ಕೆ ಕಲಿಸಿದಂತೆ ಇಂಗ್ಲೆಂಡಿನಲ್ಲಿ ಒಂದು ಯಂತ್ರ ಹುಟ್ಟಿತು. ಮ್ಯಾಂಚೆಸ್ಟರಿನ ಥಾಮಸ್ ವಾಲ್‌ಫರ್ಡ್ ಹೆಣೆಯುವ ಯಂತ್ರಕ್ಕೆ 1748ರಲ್ಲಿ ಪೇಟೆಂಟ್ ಪಡೆದ. ಅದರ ದಾರದ ಕಂಡಿಕೆಗಳು ಅರ್ಧ ಬಲಕ್ಕೆ, ಅರ್ಧ ಎಡಕ್ಕೆ, ಒಮ್ಮೆ ಒಳಗೆ ಒಮ್ಮೆ ಹೊರಗೆ ಹಾವಿನಂತೆ ಸುಳಿಯುತ್ತಾ ಸಾಗುತ್ತವೆ. ಶೂ ಲೇಸು, ಲಾಡಿ, ಶಸ್ತ್ರಚಿಕಿತ್ಸೆಯ ರೇಷ್ಮೆ ಹೊಲಿಗೆದಾರ, ಟಿವಿ ಕೇಬಲ್ಲಿನ ಒಳಗಿನ ತಾಮ್ರದ ಜಾಳಿಗೆ ಇವೆಲ್ಲ ಅಂಥ ಯಂತ್ರಗಳ ಕೂಸುಗಳು. ಮುಂದೆ 1925ರ ಸುಮಾರಿಗೆ ಹ್ಯಾಂಬರ್ಗಿನ ಗಣಿತಜ್ಞ ಎಮಿಲ್ ಆರ್ಟಿನ್ ಹೆಣಿಗೆಗೊಂದು ಗಣಿತ ಕಟ್ಟಿದ. ಯಾವ ಹೆಣಿಗೆಗೇ ಆಗಲಿ, ಅದರ ತುದಿಗೆ ಸೇರಿಸಿದರೆ ಎಲ್ಲವೂ ಬಿಚ್ಚಿ ಎಳೆಗಳು ನೇರವಾಗುವಂಥ ಇನ್ನೊಂದು ಹೆಣಿಗೆ ಇದ್ದೇ ಇರುತ್ತದೆ ಎಂಬುದು ಆ ಗಣಿತದ ತಳಪಾಯಗಳಲ್ಲೊಂದು. ಕೋಲಾಟದ ಮೇಳ ಹಿಮ್ಮುಖ ಹೆಜ್ಜೆಯಲ್ಲಿ ಮಾಡಿ ತೋರಿಸುವುದು ಅದನ್ನೇ.

ಜಡೆ ಬಿಚ್ಚುವುದು ಹೆಣೆಯುವುದಕ್ಕಿಂತ ಕಷ್ಟ. ಒಬ್ಬರು ಒಂದು ಹೆಜ್ಜೆ ತಪ್ಪಿದರೂ ಎಲ್ಲರ ಹಗ್ಗವೂ ಸಿಕ್ಕಾಗುತ್ತದೆ; ಅದಕ್ಕೇ ಮೇಳದಲ್ಲಿ ಅನುಭವಿಗಳು ನಡುನಡುವೆ ನಿಲ್ಲುತ್ತಾರೆ, ಹೊಸಬರು ಅವರ ಕಾಲು ನೋಡಿ ಕಲಿಯುತ್ತಾರೆ. ಶಾಲೆಯ ಮಕ್ಕಳಿಗೆ ಇದನ್ನು ಕಲಿಸಲು ದೊಡ್ಡ ಖರ್ಚಿಲ್ಲ. ಗಟ್ಟಿ ತೊಲೆಯೊಂದು, ಎಂಟು ಬಣ್ಣದ ಹಗ್ಗ, ಎಂಟು ಜೊತೆ ಕಾಲು ಬೇಕು. ಜೊತೆಗೆ ಹಾಡೂ ಹಿಮ್ಮುಖದ ಹೆಜ್ಜೆಯೂ ಬಾಯಿಪಾಠವಿರುವ ಒಬ್ಬ ಹಿರಿಯರು ಬೇಕು. ಅಂಥವರು ಊರಲ್ಲಿದ್ದರೆ ಈ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೇ ಅವರನ್ನು ಕರೆಸಿ.