ಗ್ಲೋರಿಯೆಟಾ ಕಣಿವೆಯ ಕಾಳಗ

ಅಮೆರಿಕದ ಅಂತರ್ಯುದ್ಧ ಎಂದೊಡನೆ ನಮಗೆ ನೆನಪಾಗುವುದು ಲಿಂಕನ್, ಗೆಟ್ಟಿಸ್‌ಬರ್ಗ್, ದಕ್ಷಿಣದ ಹತ್ತಿ ಹೊಲಗಳು. ಇವತ್ತು ನಾನು ಹೇಳಹೊರಟಿರುವ ಕಾಳಗ ಅಲ್ಲಿಂದ ಬಹಳ ದೂರದ್ದು. ನ್ಯೂ ಮೆಕ್ಸಿಕೋದ ಗ್ಲೋರಿಯೆಟಾ ಎಂಬ ಕಣಿವೆಗಾಗಿ 1862ರ ಮಾರ್ಚ್ ಕೊನೆಯಲ್ಲಿ ನಡೆದದ್ದು.

ಸಾಂಗ್ರೆ ದೆ ಕ್ರಿಸ್ತೊ ಎಂಬ ಪರ್ವತಸಾಲು ದಕ್ಷಿಣಕ್ಕೆ ಮುಗಿಯುವ ಜಾಗದಲ್ಲಿ, ಸುಮಾರು 7,500 ಅಡಿ ಎತ್ತರದಲ್ಲಿ ಈ ಕಣಿವೆ ಇದೆ. ಮಿಸೌರಿಯಿಂದ ಸಾಂತಾ ಫೇ ಪಟ್ಟಣಕ್ಕೆ ಬರುವ ವ್ಯಾಪಾರದ ಗಾಡಿಗಳೆಲ್ಲ ಇದರೊಳಗೇ ಹಾದುಬರಬೇಕಿತ್ತು. ಕಣಿವೆ ದಾಟಿ ಈಶಾನ್ಯಕ್ಕೆ ಹೋದರೆ ಒಕ್ಕೂಟ ಸರ್ಕಾರದ ದೊಡ್ಡ ಉಗ್ರಾಣವಾಗಿದ್ದ ಫೋರ್ಟ್ ಯೂನಿಯನ್ ಕೋಟೆ. ಅದಕ್ಕೂ ಆಚೆ, ಉತ್ತರಕ್ಕೆ, ಕೊಲೊರಾಡೊದ ಚಿನ್ನದ ಗಣಿಗಳು.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳಿಗೆ ಚಿನ್ನವೂ ಬೇಕಿತ್ತು, ಕ್ಯಾಲಿಫೋರ್ನಿಯಾದ ಬಂದರುಗಳೂ ಬೇಕಿದ್ದವು. ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಎಂಬ ಸೇನಾಪತಿ ಟೆಕ್ಸಾಸ್‌ನ ದಂಡು ಕಟ್ಟಿಕೊಂಡು ಮರುಭೂಮಿ ದಾಟಿ ಬಂದ. ಬರುವಾಗ ಹೆಚ್ಚು ದವಸ ತರಲಿಲ್ಲ. ಶತ್ರುವಿನ ಉಗ್ರಾಣಗಳನ್ನೇ ಹಿಡಿದು ಸೈನ್ಯ ಸಾಕೋಣ ಎಂಬ ಲೆಕ್ಕ. ಫೆಬ್ರವರಿ 21ರಂದು ವಾಲ್ವೆರ್ಡೆಯಲ್ಲಿ ಗೆದ್ದ. ಆದರೆ ಪಕ್ಕದ ಫೋರ್ಟ್ ಕ್ರೇಗ್ ಕೋಟೆ ಅವನ ಕೈಗೆ ಸಿಗಲಿಲ್ಲ. ಅದರೊಳಗಿದ್ದ ಎಡ್ವರ್ಡ್ ಕ್ಯಾನ್ಬಿಯ ಪಡೆಯನ್ನು ಬೆನ್ನಹಿಂದೆ ಬಿಟ್ಟೇ ಮುಂದಕ್ಕೆ ನಡೆದ. ಆಲ್ಬಕರ್ಕಿ, ಸಾಂತಾ ಫೇ ಎರಡೂ ವಶವಾದವು. ಅಲ್ಲಿದ್ದ ಸಾಮಾನುಗಳ ಬಹುಪಾಲನ್ನು ಒಕ್ಕೂಟದವರು ಅಷ್ಟರೊಳಗೆ ಸುಟ್ಟಿದ್ದರು, ಇಲ್ಲವೆ ಸಾಗಿಸಿಬಿಟ್ಟಿದ್ದರು. ಸಿಬ್ಲಿ ಸೋತದ್ದು ಕಣಿವೆಯಲ್ಲಿ ಎನ್ನುತ್ತಾರೆ. ನನಗೆ ಕಾಣುವ ಮಟ್ಟಿಗೆ ಅವನ ಸೋಲು ಶತ್ರುವಿನ ಉಗ್ರಾಣ ನಂಬಿದ ಈ ಲೆಕ್ಕಾಚಾರದಲ್ಲೇ ಇತ್ತು.

ಇತ್ತ ಡೆನ್ವರ್‌ನಿಂದ ಸ್ವಯಂಸೇವಕರ ಒಂದು ಪಡೆ ಹಿಮ, ಗಾಳಿ ಲೆಕ್ಕಿಸದೆ 400 ಮೈಲಿಯಷ್ಟು ನಡೆದು ಫೋರ್ಟ್ ಯೂನಿಯನ್ ಸೇರಿತು. ಗಣಿಗಳಲ್ಲಿ ದುಡಿದು ಮೈ ಗಟ್ಟಿಯಾದವರು ಅದರಲ್ಲಿ ಅನೇಕರಿದ್ದರು. ನಾಯಕ ಜಾನ್ ಸ್ಲೋ ವೃತ್ತಿಯಿಂದ ವಕೀಲ. ಅವನ ಕೈಕೆಳಗಿನ ಮೇಜರ್ ಜಾನ್ ಚಿವಿಂಗ್ಟನ್ ಮೆಥಡಿಸ್ಟ್ ಪಾದ್ರಿ. ಮಾರ್ಚ್ 26ರಂದು ಕಣಿವೆಯ ಪಶ್ಚಿಮ ಭಾಗದಲ್ಲಿ ಚಿವಿಂಗ್ಟನ್ನನ 400 ಜನ ಟೆಕ್ಸಾಸ್‌ನ ಮುಂಪಡೆಯನ್ನು ಹಿಮ್ಮೆಟ್ಟಿಸಿದರು.

ನಿಜವಾದ ಕಾಳಗ 28ರಂದು. ಸ್ಲೋ ತನ್ನ ಪಡೆಯನ್ನು ಎರಡಾಗಿ ಒಡೆದ. ಸುಮಾರು 850 ಜನರೊಂದಿಗೆ ತಾನು ಗಾಡಿದಾರಿಯಲ್ಲಿ ನೇರ ಹೋದ. ಚಿವಿಂಗ್ಟನ್ ಜೊತೆ 500ಕ್ಕೆ ಕೊಂಚ ಕಡಿಮೆ ಜನರನ್ನು ಗುಡ್ಡದ ನೆತ್ತಿಯ ಮೇಲಿಂದ ಸುತ್ತುದಾರಿಯಲ್ಲಿ ಕಳಿಸಿದ. ಶತ್ರುವಿನ ಎದುರೇ ಸೈನ್ಯ ಒಡೆಯುವುದು ಅಪಾಯದ ಕೆಲಸ, ಅದಕ್ಕೆ ಅವನು ತಕ್ಕ ಬೆಲೆಯನ್ನೂ ತೆತ್ತ. ಪಿಜನ್ಸ್ ರಾಂಚ್ ಎಂಬ ಪ್ರಯಾಣಿಕರ ತಂಗುಮನೆಯ ಸುತ್ತ, ಪೈನ್ ಮರಗಳ ನಡುವೆ ಗಂಟೆಗಟ್ಟಲೆ ಹೊಡೆದಾಟ ನಡೆಯಿತು. ವಿಲಿಯಂ ಸ್ಕರಿಯ ನಾಯಕತ್ವದಲ್ಲಿ ಟೆಕ್ಸಾಸಿನವರು ಹೆಜ್ಜೆಹೆಜ್ಜೆಗೂ ಒತ್ತಿಕೊಂಡು ಬಂದರು. ಸಂಜೆಯ ಹೊತ್ತಿಗೆ ಸ್ಲೋ ಹಿಂದೆಗೆದ, ರಣರಂಗ ಸ್ಕರಿಗೆ ಉಳಿಯಿತು.

ಆದರೆ ಸ್ಕರಿಯ ಸಾಮಾನು ಗಾಡಿಗಳು ಐದಾರು ಮೈಲಿ ಹಿಂದೆ, ಜಾನ್ಸನ್ಸ್ ರಾಂಚಿನಲ್ಲಿ ನಿಂತಿದ್ದವು. ಕಾವಲಿಗೆ ಕೆಲವೇ ಜನ, ಒಂದು ಫಿರಂಗಿ. ಚಿವಿಂಗ್ಟನ್ನನ ಪಡೆ ಗುಡ್ಡದ ಅಂಚಿಗೆ ಬಂದು ಇಣುಕಿದಾಗ ಅವು ಕಾಲಡಿಯಲ್ಲೇ ಕಂಡವು. ಆ ಗುಡ್ಡ ಹತ್ತಿಸಿ ಅಲ್ಲಿಗೆ ತಂದವನು ಮಾನುಯೆಲ್ ಚಾವೆಸ್. ಅವನು ಅಲ್ಲಿನ ಸ್ಪ್ಯಾನಿಷ್ ಮಾತಾಡುವ ಜನರಲ್ಲೊಬ್ಬ, ಸ್ಪೇನಿನ ಆಳ್ವಿಕೆಯಲ್ಲಿ, 1818ರಲ್ಲಿ ಹುಟ್ಟಿದವನು. ಆಮೇಲೆ ಮೆಕ್ಸಿಕೋ ಪ್ರಜೆಯಾಗಿ, ಕೊನೆಗೆ ಅಮೆರಿಕದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಸೈನಿಕರು ಹಗ್ಗ, ಚರ್ಮದ ಪಟ್ಟಿ ಹಿಡಿದು ಕಡಿದಾದ ಬಂಡೆಗೋಡೆ ಇಳಿದರು. ಗಾಡಿಗಳು 60 ಅಂತಲೂ 80 ಅಂತಲೂ ಲೆಕ್ಕ ಕೊಡುತ್ತಾರೆ. ಎಲ್ಲಕ್ಕೂ ಬೆಂಕಿ ಬಿತ್ತು. ಆಹಾರ, ಮದ್ದುಗುಂಡು, ಕಂಬಳಿ, ಔಷಧ ಎಲ್ಲವೂ ಹೋಯಿತು. ಫಿರಂಗಿಯನ್ನು ಕೆಡಿಸಿದರು. ಕುದುರೆ, ಹೇಸರಗತ್ತೆಗಳನ್ನು ಕೊಂದರು, ಇಲ್ಲವೆ ಓಡಿಸಿದರು. ಯಾವ ತಪ್ಪೂ ಮಾಡದ ಆ ಮೂಕಪ್ರಾಣಿಗಳ ಸಾವನ್ನು ಓದುವಾಗ ಈಗಲೂ ಸಂಕಟವಾಗುತ್ತದೆ.

ಗೆದ್ದ ಸ್ಕರಿಯ ಜನಕ್ಕೆ ಆ ರಾತ್ರಿ ಹೊದೆಯಲು ಕಂಬಳಿ ಇರಲಿಲ್ಲ, ಉಣ್ಣಲು ಏನೂ ಇರಲಿಲ್ಲ. ಸತ್ತವರನ್ನು ಮಣ್ಣುಮಾಡಲು ಕದನವಿರಾಮ ಕೇಳಿಕೊಂಡು, ಆಮೇಲೆ ಸಾಂತಾ ಫೇಗೆ ಮರಳಿದರು. ಅಲ್ಲಿ ಚಳಿಯಲ್ಲಿ ನಡುಗುತ್ತಿದ್ದ ಗಾಯಾಳುಗಳಿಗೆ ಆರೈಕೆ ಮಾಡಿ, ಬಚ್ಚಿಟ್ಟಿದ್ದ ಕಂಬಳಿಗಳ ಜಾಗ ತೋರಿಸಿದವಳು ಲೂಯಿಸಾ ಕ್ಯಾನ್ಬಿ. ಎದುರಾಳಿ ಸೇನಾಪತಿಯ ಹೆಂಡತಿ! ಇಡೀ ಪ್ರಸಂಗದಲ್ಲಿ ನಾನು ಪೂರ್ಣ ಮನಸ್ಸಿನಿಂದ ಗೌರವಿಸುವುದು ಈ ಹೆಣ್ಣುಮಗಳೊಬ್ಬಳನ್ನೇ. ಏಪ್ರಿಲ್‌ನಲ್ಲಿ ಸಿಬ್ಲಿಯ ಸೈನ್ಯ ಹಸಿವು, ಬಾಯಾರಿಕೆಗಳಲ್ಲಿ ಕರಗುತ್ತ ಟೆಕ್ಸಾಸ್ ದಾರಿ ಹಿಡಿಯಿತು. ದಕ್ಷಿಣದವರು ಮತ್ತೆ ನ್ಯೂ ಮೆಕ್ಸಿಕೋ ಕಡೆ ದಂಡೆತ್ತಿ ಬರಲಿಲ್ಲ.

ಇದನ್ನು ಪಶ್ಚಿಮದ ಗೆಟ್ಟಿಸ್‌ಬರ್ಗ್ ಎಂದು ಕರೆಯುವುದುಂಟು. ಅಲ್ಲಿ ಸಾವಿರಾರು ಜನ ಸತ್ತರು, ಇಲ್ಲಿ ಒಂದೊಂದು ಕಡೆಯೂ ಐವತ್ತರ ಆಸುಪಾಸು. ಫಲವನ್ನು ನೋಡಿದರೆ ಮಾತ್ರ ಆ ಹೋಲಿಕೆ ಒಪ್ಪಬಹುದು. 1987ರಲ್ಲಿ ಪಿಜನ್ಸ್ ರಾಂಚಿನ ಬಳಿ ಮನೆ ಕಟ್ಟಲು ನೆಲ ಅಗೆದಾಗ ಟೆಕ್ಸಾಸಿನ 31 ಸೈನಿಕರ ಅಸ್ಥಿಗಳು ಸಿಕ್ಕವು. ಈಗ ರಣಭೂಮಿ ಪೇಕೋಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಕಣಿವೆಯ ವೀರನಾದ ಚಿವಿಂಗ್ಟನ್ 1864ರ ನವೆಂಬರ್ 29ರಂದು ಕೊಲೊರಾಡೊದ ಸ್ಯಾಂಡ್ ಕ್ರೀಕಿನಲ್ಲಿ, ಶಾಂತಿಯ ಭರವಸೆ ನಂಬಿ ಬೀಡುಬಿಟ್ಟಿದ್ದ ಶೈಯನ್ ಮತ್ತು ಅರಾಪಾಹೊ ಜನರ ಮೇಲೆ ಬಿದ್ದ. ಅವನ ಸೈನಿಕರು 150ಕ್ಕೂ ಹೆಚ್ಚು ಜನರನ್ನು ಕೊಂದರು. ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ದಾರಿ ತೋರಿದ ಚಾವೆಸ್‌ನ ಅಧೀನದಲ್ಲಿದ್ದ ಕೋಟೆಯೊಂದರಲ್ಲೂ 1861ರಲ್ಲಿ ನವಾಹೊ ಜನರ ಮೇಲೆ ಗುಂಡು ಹಾರಿತ್ತು. ಸ್ಯಾಂಡ್ ಕ್ರೀಕ್ ಕುರಿತು ವಿಚಾರಣೆಗಳು ನಡೆದವು, ಚಿವಿಂಗ್ಟನ್‌ಗೆ ಶಿಕ್ಷೆಯಾಗಲಿಲ್ಲ. ಗ್ಲೋರಿಯೆಟಾದ ಬಗ್ಗೆ ಓದಲು ಹೊರಡುವ ಕೇಳುಗರು ಸ್ಯಾಂಡ್ ಕ್ರೀಕಿನ ಬಗ್ಗೆಯೂ ಓದಬೇಕೆಂದು ಕೇಳಿಕೊಳ್ಳುತ್ತೇನೆ.